ಅದೇ ಜಾಗ, ಇನ್ನೊಂದು ಮಳೆಗಾಲ

ಕಳೆದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬಳ ಗೃಹಪ್ರವೇಶಕ್ಕೆಂದು ಟಿ. ನರಸೀಪುರಕ್ಕೆ ಹೋಗಿದ್ದೆ. ಊಟ ಮುಗಿಸಿ, ನಂಜನಗೂಡಿನ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಹೊಳೆಯ ಕಡೆ ನಡೆದೆ. ಮಳೆಗಾಲದ ನೀರು ಆಗತಾನೇ ಇಳಿದಿತ್ತು. ದಡದ ಕೆಸರು ಮೇಲ್ಮೇಲೆ ಒಣಗಿ ಒಳಗಿನ್ನೂ ಹಸಿಯಾಗಿರುವಾಗ ಅದಕ್ಕೊಂದು ವಾಸನೆ ಬರುತ್ತದೆ. ಸ್ವಲ್ಪ ಮೀನು, ಸ್ವಲ್ಪ ಕೊಳೆತ ಜೊಂಡು, ಸ್ವಲ್ಪ ತುಕ್ಕು. ಊಟದ ಮನೆಯಿಂದ ಜೊತೆಗೆ ಬಂದಿದ್ದ ಇನ್ನೊಬ್ಬ ಸಹೋದ್ಯೋಗಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ನಿಂತೇ ಬಿಟ್ಟೆ. ನನ್ನ ಬದುಕಿನ ಒಂದು ಇಡೀ ವರ್ಷ ಆ ವಾಸನೆಯಲ್ಲಿ ಕಳೆದಿದೆ. ಅದರಿಂದ ಏನು ಬಂತು ಅಂತ ಯಾರಾದರೂ ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಆಗ ನಾನು ನರಸೀಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಪ್ರತಿವರ್ಷ ಹೊಸದಾಗಿ ಅರ್ಜಿ ಹಾಕಿ, ಪ್ರತಿವರ್ಷ ಹೊಸಬಳಂತೆ ಸೇರುವ ಕೆಲಸ. ಮನೆ ನಂಜನಗೂಡಿನಲ್ಲಿ, ಗಂಡ ಮಹದೇವ ಅಲ್ಲೇ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ದುಡಿಯುತ್ತಿದ್ದರು. ಪಿಎಚ್.ಡಿ.ಗೆ ನೋಂದಣಿ ಮಾಡಿಸಿ ವರ್ಷಗಳಾಗಿದ್ದವು. ಕೊಟ್ಟಿದ್ದ ಅವಧಿ ಮುಂದಿನ ಮಾರ್ಚಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಒಂದು ಒಳ್ಳೆಯ ಜರ್ನಲ್ ನನ್ನದೊಂದು ಪೇಪರನ್ನು ಒಪ್ಪಿಕೊಳ್ಳಬೇಕು. ಒಪ್ಪಿದರೆ ಥೀಸಿಸ್ ಸಲ್ಲಿಸಬಹುದು, ಇಲ್ಲದಿದ್ದರೆ ಅಷ್ಟೂ ವರ್ಷ ನೀರಿಗೆ ಹೋದಂತೆ. ನನ್ನ ತವರೂರು ಹೆಡತಲೆಯಲ್ಲಿ ಅವ್ವ ಬುದ್ಧನ ಪಟದ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆಸಿ ಇಟ್ಟಿದ್ದಳು, ನಾನು ಕಪ್ಪು ಗೌನು ಹಾಕಿಕೊಂಡು ತೆಗೆಸಿಕೊಳ್ಳಬೇಕಾದ ಫೋಟೊಗೆ.

ನನ್ನ ಪೇಪರು ಒಂದು ಕಪ್ಪೆಚಿಪ್ಪಿನ ಬಗ್ಗೆ ಇತ್ತು. ಕಪಿಲೆ ನಂಜನಗೂಡು ದಾಟಿ ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಮೊದಲು ಒಂದು ಊರಿನ ಕೆಳಗೆ ಮೊಣಕೈಯಂತೆ ಬಾಗುತ್ತದೆ. ಆ ಬಾಗಿನ ಒಳಮಗ್ಗುಲಲ್ಲಿ ನೀರಿಗೆ ಓಟವಿಲ್ಲ, ಕೆಸರು ಮೆತ್ತಗೆ. ಅದರಲ್ಲಿ ಅರ್ಧ ಹೂತುಕೊಂಡು, ಬಾಯಿ ಒಂದಿಷ್ಟೇ ತೆರೆದು, ನೀರನ್ನು ಸೋಸಿಕೊಂಡು ಬದುಕುವ ಹೆಬ್ಬೆರಳು ಗಾತ್ರದ ಪ್ರಾಣಿ ಅದು. ಹೊರಗೆ ಹಸಿರು ಕಲೆತ ಕಪ್ಪು, ಒಳಗೆ ಬೆಳ್ಳಗಿನ ಹೊಳಪು. ಅದರ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡು ಒಂದಿಷ್ಟು ಕಾಲ ಊರು ಸುತ್ತಿ, ಆಮೇಲೆ ಎಲ್ಲಾದರೂ ಕೆಸರಿಗೆ ಬಿದ್ದರೆ ಸಾಯುವತನಕ ಅಲ್ಲೇ. ಆ ಜಾತಿ ಹೊಳೆಯ ಈ ಭಾಗದಲ್ಲಿ ಇದೆ ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ಅದನ್ನು ಅಲ್ಲಿ ನೋಡಿದೆ. ಒಂದು ಮಳೆಗಾಲ ಮುಗಿದ ಮೇಲೆ, ನೀರು ಇಳಿದಾಗಿನಿಂದ ಬೇಸಿಗೆಯವರೆಗೆ, ಸೀರೆ ಎತ್ತಿ ಸಿಕ್ಕಿಸಿಕೊಂಡು ಆ ಕೆಸರಿನಲ್ಲಿ ಕೈಯಾಡಿಸಿ, ಹಿಡಿದು ಅಳೆದು, ಮತ್ತೆ ಅಲ್ಲೇ ಊರಿ ಬಂದೆ.

ಮತ್ತೆ ಊರಿ ಬಂದದ್ದು ನನ್ನ ಗೈಡ್ ಶ್ರೀಕಂಠ ಸರ್ ಕಟ್ಟಪ್ಪಣೆಯ ಮೇಲೆ. ಸರ್ ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ, ಮೈಸೂರಿನ ತಮ್ಮ ವಿಭಾಗದಲ್ಲಿ ಔಷಧಿ ವಾಸನೆಯ ಜಾಡಿಗಳ ಮಧ್ಯೆಯೇ ಆಯಸ್ಸು ಕಳೆದವರು. ಜಾಡಿಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇರುವುದೇ ನಾಲ್ಕು, ಅದರಲ್ಲಿ ಒಂದನ್ನು ಕೊಂದು ಷೋಕೇಸಿನಲ್ಲಿಟ್ಟು ಏನು ಸಾಧಿಸುತ್ತೀಯ ಅನ್ನುತ್ತಿದ್ದರು. ಅಳೆ, ಬರೆದುಕೋ, ಬಿಡು: ಅವರ ಹತ್ತಿರ ಕಲಿತವರೆಲ್ಲ ಹೀಗೆಯೇ. ನಮ್ಮಲ್ಲಿ ಯಾರಿಗೂ ಅದು ತಪ್ಪು ಅಂತ ಅನ್ನಿಸಿರಲಿಲ್ಲ. ಇವತ್ತಿಗೂ ನನಗೆ ಅನ್ನಿಸುವುದಿಲ್ಲ, ಅದೇ ಸಂಕಟ.

ಆ ಬಾಗಿನಲ್ಲಿ ನನಗೆ ಜೊತೆಯಾಗಿದ್ದವಳು ಮಾದಮ್ಮ. ಮೇಲಿನ ಊರಿನವಳು, ಬಟ್ಟೆ ಒಗೆಯಲು ಬರುತ್ತಿದ್ದಳು. ಮೊದಮೊದಲು ನನ್ನನ್ನು ಕಂಡು, ಯಾರೋ ಬಳೆಯೋ ಓಲೆಯೋ ಕಳೆದುಕೊಂಡು ಹುಡುಕುತ್ತಿದ್ದಾಳೆ ಅಂದುಕೊಂಡಿದ್ದಳಂತೆ. ಆಮೇಲೆ ಚಿಪ್ಪಿನ ವಿಷಯ ಗೊತ್ತಾಗಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು. ಆದರೂ ನಾನು ಮಂಡಿಯುದ್ದ ಕೆಸರಿನಲ್ಲಿ ಸಿಕ್ಕಿಕೊಂಡಾಗ ಕೈ ಕೊಟ್ಟು ಎಳೆದದ್ದು ಅವಳೇ. ಅಲ್ಲಿ ದಡ ಪಾಚಿಗಟ್ಟಿ ಜಾರುತ್ತಿತ್ತು. ಅವಳ ತಂಗಿಯ ಮಗಳು ಒಂದು ಶ್ರಾವಣದಲ್ಲಿ ಬಿಂದಿಗೆ ಸಮೇತ ಅಲ್ಲೇ ಜಾರಿ ಹೋದವಳು ಸಿಕ್ಕಿದ್ದು ಸಂಗಮದ ಹತ್ತಿರ. ಅದನ್ನು ಮಾದಮ್ಮ ಬಟ್ಟೆ ಹಿಂಡುತ್ತಾ, ನನ್ನ ಮುಖ ನೋಡದೆ ಹೇಳಿದ್ದಳು.

ಪೇಪರನ್ನು ಯುಗಾದಿಯ ಹೊತ್ತಿಗೆ ಕಳಿಸಿದೆವು. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲವಾದ್ದರಿಂದ ಹೇಳುತ್ತೇನೆ. ಜರ್ನಲಿನ ಸಂಪಾದಕರು ಮೊದಲು ಮೇಲುಮೇಲೆ ಕಣ್ಣಾಡಿಸುತ್ತಾರೆ. ಕಸ ಅನ್ನಿಸಿದರೆ ಅಲ್ಲೇ ವಾಪಸು. ಇಲ್ಲವಾದರೆ ಆ ವಿಷಯ ಬಲ್ಲ ಇಬ್ಬರಿಗೆ ಕಳಿಸುತ್ತಾರೆ. ಅವರಿಗೆ ರಿವ್ಯೂವರ್ ಅಂತ ಹೆಸರು. ಬರೆದವರು ಯಾರೆಂದು ಅವರಿಗೆ ತಿಳಿಸುವುದಿಲ್ಲ, ಓದುವವರು ಯಾರೆಂದು ನಮಗೆ ತಿಳಿಸುವುದಿಲ್ಲ. ಅವರಿಗೆ ಸಂಬಳವಿಲ್ಲ, ಸಂಭಾವನೆಯಿಲ್ಲ. ಮನೆ, ಕ್ಲಾಸು, ಮಗುವಿನ ಜ್ವರ ಎಲ್ಲದರ ಮಧ್ಯೆ ಬಿಡುವಾದಾಗ ಓದಿ, ಇದು ಸರಿ, ಇದು ತಪ್ಪು, ಇದಕ್ಕೆ ಆಧಾರವೇನು ಅಂತ ಬರೆದು ಕಳಿಸುತ್ತಾರೆ. ಆ ಇಬ್ಬರ ಮಾತಿನ ಮೇಲೆ ಸಂಪಾದಕರು ಒಪ್ಪುತ್ತಾರೆ, ತಿದ್ದಿಸುತ್ತಾರೆ, ಇಲ್ಲ ತಳ್ಳಿಹಾಕುತ್ತಾರೆ. ಲೋಕದ ವಿಜ್ಞಾನವೆಲ್ಲ ನಿಂತಿರುವುದು ಹೀಗೆ ಮುಖ ಕಾಣದವರ ಒಳ್ಳೆಯತನದ ಮೇಲೆ ಅಂತ ಸರ್ ಹೇಳುತ್ತಿದ್ದರು. ಆಗ ನನಗೆ ಅದು ದೊಡ್ಡ ಮಾತಾಗಿ ಕಂಡಿತ್ತು.

ಕಳಿಸಿದ ಮೇಲೆ ಕಾಯುವುದು. ಜರ್ನಲಿನ ಜಾಲತಾಣದಲ್ಲಿ ನನ್ನ ಪೇಪರಿನ ಮುಂದೆ 'ಪರಿಶೀಲನೆಯಲ್ಲಿದೆ' ಎಂದು ಕಾಣುತ್ತಿತ್ತು. ಬೆಳಿಗ್ಗೆ ಬಸ್ಸು ಹತ್ತಿದ ಕೂಡಲೇ ಫೋನ್ ತೆಗೆದು ನೋಡುವುದು, ಸಂಜೆ ಇಳಿಯುವ ಮುಂಚೆ ಇನ್ನೊಮ್ಮೆ ನೋಡುವುದು. ಗದ್ದೆಗಳಿಗೆ ನಾಲೆಯ ನೀರು ಬಂತು, ನಾಟಿಯಾಯಿತು, ಪರೀಕ್ಷೆ ಮುಗಿದು ಹೊಸ ಹುಡುಗಿಯರು ಸೇರಿದರು, ಅದು ಪರಿಶೀಲನೆಯಲ್ಲೇ ಇತ್ತು. ಮಹದೇವ ಊಟಕ್ಕೆ ಕೂತಾಗೆಲ್ಲ, "ಏನಂದ್ರು ನಿಮ್ ಪುಸ್ತಕದೋರು?" ಅನ್ನುತ್ತಿದ್ದರು. ಕೊನೆಕೊನೆಗೆ ಅವರು ಅದನ್ನು ಕೇಳುವುದನ್ನು ಬಿಟ್ಟರು. ಕೇಳುವಾಗ ರೇಗುತ್ತಿತ್ತು, ಬಿಟ್ಟ ಮೇಲೆ ಭಯವಾಯಿತು.

ಉತ್ತರ ಬಂದದ್ದು ಗೌರಿಹಬ್ಬದ ಮುಂದೆ, ಹೊಳೆ ಎರಡೂ ದಡ ತುಂಬಿ ಕೆಂಪಗೆ ಹರಿಯುತ್ತಿದ್ದಾಗ. ಮೊದಲನೆಯ ರಿವ್ಯೂವರ್ ಮೂರು ಸಾಲು ಬರೆದಿದ್ದರು. ಚೆನ್ನಾಗಿದೆ, ಕೆಲವು ಅಕ್ಷರದೋಷಗಳನ್ನು ತಿದ್ದಿದರೆ ಪ್ರಕಟಿಸಬಹುದು. ಅವರು ಓದಿರಲಿಲ್ಲ, ಅದು ಅವರ ಮೂರು ಸಾಲಿನಲ್ಲೇ ಗೊತ್ತಾಗುತ್ತಿತ್ತು. ಎರಡನೆಯವರು ಪುಟಗಟ್ಟಲೆ ಬರೆದಿದ್ದರು. ನಾನು ಕೆಸರಿಗೆ ಕೈ ಹಾಕಿದ ರೀತಿ, ಅಳತೆಗೆ ಆರಿಸಿಕೊಂಡ ಜಾಗ, ನೀರಿನ ಆಳ ಬರೆದುಕೊಂಡ ಹೊತ್ತು, ಒಂದನ್ನೂ ಬಿಟ್ಟಿರಲಿಲ್ಲ. ಒಂದು ಕಡೆ, ಈ ಲೇಖಕರು ಪ್ರಾಣಿಯನ್ನು ಪ್ರೀತಿಯಿಂದ ನೋಡಿದ್ದಾರೆ ಎಂದೂ ಬರೆದಿದ್ದರು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಓದುತ್ತಾ ನನಗೆ ಅಳು ಬಂತು. ಅಷ್ಟು ವರ್ಷದಲ್ಲಿ ನಾನು ಮಾಡಿದ್ದನ್ನು ಪೂರ್ತಿ ಅರ್ಥ ಮಾಡಿಕೊಂಡ ಮೊದಲ ಮನುಷ್ಯ ಅವರು, ಅವರ ಹೆಸರು ನನಗೆ ಗೊತ್ತಿಲ್ಲ.

ಕೊನೆಯಲ್ಲಿ ಅವರು ಕೇಳಿದ್ದು ಒಂದನ್ನು. ಒಂದು ಮಳೆಗಾಲದ ಲೆಕ್ಕದಿಂದ ಈ ಪ್ರಾಣಿ ಇಲ್ಲಿ ನೆಲೆಸಿದೆ ಅನ್ನಲಾಗದು. ಯಾವುದೋ ನೆರೆಯಲ್ಲಿ ಬಂದು ಬಿದ್ದ ಗುಂಪೂ ಇರಬಹುದು. ಆದ್ದರಿಂದ ಅದೇ ಜಾಗದಲ್ಲಿ ಇನ್ನೊಂದು ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ನೋಡಿ ಬರೆಯಲಿ.

ಪ್ರಿಂಟ್ ತೆಗೆಸಿಕೊಂಡು ಸರ್ ಹತ್ತಿರ ಹೋದೆ. ಸರ್‌ಗೆ ರಿವ್ಯೂವರ್ ಯಾರೆಂದು ಊಹೆ ಮಾಡುವ ಚಟ. ವಾಕ್ಯ ಇಷ್ಟುದ್ದ ಇದ್ದರೆ ಬಂಗಾಳದವನು, 'ದಯವಿಟ್ಟು' ಅಂತ ಇದ್ದರೆ ಕೇರಳದವಳು, ತನ್ನದೇ ಪೇಪರುಗಳನ್ನು ಹೆಸರಿಸಿ ಅಂತ ಕೇಳಿದರೆ ಗುರುತು ಹಿಡಿಯಲು ಜ್ಯೋತಿಷ್ಯವೇ ಬೇಡ ಅನ್ನುತ್ತಿದ್ದರು. ಅವತ್ತು ಊಹೆ ಮಾಡಲಿಲ್ಲ. ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಸರಿಯಾಗೇ ಕೇಳಿದಾರೆ ಕಣಮ್ಮ. ನಾನಾಗಿದ್ರೂ ಇದನ್ನೇ ಕೇಳ್ತಿದ್ದೆ. ದೀಪಾವಳಿ ಕಳೆದ್ರೆ ನೀರು ಇಳಿಯುತ್ತೆ. ಹೋಗಿ ನೋಡ್ಕೊಂಡ್ ಬಾ, ಮಾರ್ಚೊಳಗೆ ಆಗುತ್ತೆ."

ಸಂಪಾದಕರು ಅಷ್ಟು ಕಾಲಾವಕಾಶ ಕೊಟ್ಟರು. ಆ ಎರಡು ತಿಂಗಳು ನಾನು ಬದುಕಿನಲ್ಲೇ ಅತ್ಯಂತ ಸುಖವಾಗಿದ್ದೆ ಅಂತ ಈಗ ಅನ್ನಿಸುತ್ತದೆ. ಮಳೆ ಸುರಿದಷ್ಟೂ ಸಂತೋಷ. ಬಸ್ಸಿನ ಕಿಟಕಿಯಿಂದ ಹೊಳೆ ಕಂಡಾಗೆಲ್ಲ, ಆ ಕೆಂಪು ನೀರಿನ ಅಡಿಯಲ್ಲಿ ಅವು ಬಾಯಿ ಮುಚ್ಚಿಕೊಂಡು ನನ್ನ ಹಾಗೇ ಕಾಯುತ್ತಿವೆ ಅಂದುಕೊಳ್ಳುತ್ತಿದ್ದೆ. ಮಹದೇವ ಅವರಿಗೂ ವಿಷಯ ಬಿಡಿಸಿ ಹೇಳಿದೆ. ರಜೆ ಹಾಕಿ ತಾವೂ ಬರುವುದಾಗಿ ಹೇಳಿದರು.

ದೀಪಾವಳಿ ಕಳೆದು ನೀರು ಇಳಿಯಿತು. ಒಂದು ಭಾನುವಾರ ಇಬ್ಬರೂ ಗಾಡಿಯಲ್ಲಿ ಹೋದೆವು. ಊರು ದಾಟಿ ಇಳಿಜಾರಿಗೆ ಬರುವಾಗಲೇ ಜೆಸಿಬಿಯ ಸದ್ದು ಕೇಳಿಸಿತು. ಮರಳು, ಜಲ್ಲಿ, ಸೈಜುಗಲ್ಲಿನ ರಾಶಿ. ಬಾಗಿನ ಒಳಮಗ್ಗುಲನ್ನು ಮಣ್ಣು ತುಂಬಿ ಗಟ್ಟಿ ಮಾಡಿ, ಅದರ ಮೇಲೆ ಕಾಂಕ್ರೀಟು ಸುರಿದಿದ್ದರು. ನೀರಿಗಿಳಿಯುವ ಮೆಟ್ಟಿಲ ಸೋಪಾನ ಅರ್ಧ ಎದ್ದು ನಿಂತಿತ್ತು. ನಾನು ಅಳತೆಗೆಂದು ನೆಟ್ಟಿದ್ದ ಬಿದಿರು ಗೂಟಗಳಲ್ಲಿ ಒಂದಕ್ಕೆ ಯಾರೋ ಟವೆಲ್ಲು ಒಣಹಾಕಿದ್ದರು.

ಮಾದಮ್ಮ ಓಡಿ ಬಂದು ಕೈ ಹಿಡಿದುಕೊಂಡಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ. ವರ್ಷಗಳಿಂದ ಊರಿನವರೆಲ್ಲ ಕೇಳಿಕೊಂಡು ಅಲೆದ ಸೋಪಾನಕಟ್ಟೆಯಂತೆ. ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದ್ದು ಅವಳ ತಂಗಿಯಂತೆ.

"ನೋಡವ್ವ, ಕಟ್ಟೆ ಆಯ್ತಾ ಅದೆ. ಇನ್ ಯಾವ ಎಣ್ಮಗಳೂ ಜಾರಿ ಓಗಾಕಿಲ್ಲ."

ಒಳ್ಳೆಯದಾಯಿತು ಅಂದೆ. ಬೇರೇನು ಅನ್ನಲಿ? ಆದರೆ ನನ್ನ ಮುಖ ಕಂಡು ಅವಳಿಗೆ ಗೊತ್ತಾಗಿಹೋಯಿತು. ಬೆನ್ನು ಸವರಿದಳು.

"ನಿನ್ ಚಿಪ್ಪು ಎಲ್ಗೋದಾವು ಬುಡು. ಒಳೆ ಇರೋಗಂಟ ಅವೂ ಇರ್ತವೆ."

ಇರಲಿಲ್ಲ. ಅವತ್ತೂ ಹುಡುಕಿದೆವು, ಆಮೇಲಿನ ವಾರಗಳಲ್ಲೂ ಹುಡುಕಿದೆವು. ಮೇಲಕ್ಕೆ ನಂಜನಗೂಡಿನ ದಿಕ್ಕಿಗೆ ನಡೆದೆ. ಅಲ್ಲಿ ತಳವೆಲ್ಲ ಕಲ್ಲು. ಕೆಳಕ್ಕೆ ನಡೆದೆ, ಅಲ್ಲಿ ಓಟ ಜಾಸ್ತಿ, ಕೆಸರು ನಿಲ್ಲುವುದಿಲ್ಲ. ಸಂಗಮ ದಾಟಿ ಹೆಮ್ಮಿಗೆಯ ಹತ್ತಿರ ಕಾವೇರಿಯ ದಡದಲ್ಲೂ ನೋಡಿದೆ. ಆ ಬಾಗಿನಲ್ಲಿ ಮಾತ್ರ ಅವಕ್ಕೆ ಬೇಕಾದ್ದೆಲ್ಲ ಒಟ್ಟಾಗಿತ್ತು, ಅದಕ್ಕೇ ಅಲ್ಲಿದ್ದವು. ಸಿಕ್ಕಿದ್ದು ಸತ್ತು ಬರಿದಾದ ಒಂದು ಚಿಪ್ಪು, ಕಟ್ಟೆಯ ಕೆಳಗಿನ ಮರಳಿನಲ್ಲಿ. ಮಹದೇವ ಅದನ್ನು ತೊಳೆದು ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ಏನೋ ಗೆದ್ದು ತಂದವರ ಹಾಗೆ ಇದ್ದರು ಪಾಪ.

ನಡೆದದ್ದನ್ನು ಹಾಗೇ ಬರೆದು ಸಂಪಾದಕರಿಗೆ ಕಳಿಸಿದೆ. ಜಾಗವೇ ಈಗಿಲ್ಲ; ಹಾಗಾಗಿ ಇನ್ನೊಂದು ಮಳೆಗಾಲದ ಲೆಕ್ಕ ಯಾರಿಂದಲೂ ಸಾಧ್ಯವಿಲ್ಲ; ಇದ್ದದ್ದಕ್ಕೆ ಇರುವ ದಾಖಲೆ ಇದೊಂದೇ. ಪತ್ರ ಮತ್ತೆ ಆ ಎರಡನೆಯವರ ಹತ್ತಿರ ಹೋಯಿತು. ಸಂಕ್ರಾಂತಿ ಕಳೆದು ಅವರ ಉತ್ತರ ಬಂತು. ಓದಿ ದುಃಖವಾಯಿತು ಎಂದು ಆರಂಭಿಸಿದ್ದರು. ಹಾಗಿದ್ದರೆ ದೊಡ್ಡ ಮಾತುಗಳನ್ನೆಲ್ಲ ಬಿಟ್ಟು, ಈ ಪ್ರಾಣಿ ಇಲ್ಲಿತ್ತು ಎಂಬಷ್ಟನ್ನೇ ಒಂದು ಚಿಕ್ಕ ಟಿಪ್ಪಣಿಯಾಗಿ ಪ್ರಕಟಿಸಬಹುದು, ಅಲ್ಲಿಂದ ಜೀವಂತ ಹಿಡಿದು ಕಾಪಿಟ್ಟ ಒಂದು ಮಾದರಿ ಸಂಗ್ರಹಾಲಯದಲ್ಲಿದ್ದರೆ ಸಾಕು ಎಂದಿದ್ದರು.

ಒಂದೇ ಒಂದು. ನನ್ನ ಅಂಗೈಯ ಮೇಲೆ ಎಷ್ಟು ಬಂದು ಹೋಗಿದ್ದವು. ಎಲ್ಲವನ್ನೂ ಬಿಟ್ಟು ಬಂದಿದ್ದೆವು. ಫೋಟೊಗಳಿದ್ದವು, ಹೊರನೋಟದಿಂದ ನನಗೆ ಗುರುತು ಸಿಕ್ಕಿತ್ತು, ಆದರೆ ಈ ಜಾತಿಯನ್ನು ಖಚಿತಪಡಿಸುವುದು ಚಿಪ್ಪಿನ ಎರಡು ಹೋಳು ಕೂಡುವ ಒಳಗಿನ ಕೀಲಿನಿಂದ; ಬದುಕಿರುವ ಚಿಪ್ಪು ಬಾಯಿ ಮುಚ್ಚಿಕೊಂಡಿರುತ್ತದೆ, ಕೀಲು ಕಾಣುವುದಿಲ್ಲ. ಮರಳಿನಲ್ಲಿ ಸಿಕ್ಕ ಸತ್ತ ಚಿಪ್ಪಿನಲ್ಲಿ ಕೀಲು ಚೆನ್ನಾಗಿ ಕಾಣುತ್ತದೆ, ಆದರೆ ಸತ್ತದ್ದು ಎಲ್ಲಿಂದ ಬೇಕಾದರೂ ತೇಲಿ ಬಂದಿರಬಹುದು. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ, ನಾನೇ ಮಕ್ಕಳಿಗೆ ಪಾಠ ಮಾಡುವವಳು.

ಪೇಪರು ತಿರಸ್ಕೃತವಾಯಿತು. ಇನ್ನೊಂದು ಜರ್ನಲಿಗೆ ಕಳಿಸಲು ಕಾಲವಿರಲಿಲ್ಲ, ಕಳಿಸಿದ್ದರೂ ಓದಬಲ್ಲವನು ಇದನ್ನೇ ಕೇಳುತ್ತಿದ್ದ, ಓದಲಾರದವನ ಒಪ್ಪಿಗೆ ನನಗೆ ಬೇಕಿರಲಿಲ್ಲ. ಮಾರ್ಚ್ ಬಂತು, ಹೋಯಿತು. ಕಡೆಯ ದಿನ ಸರ್ ಹತ್ತಿರ ಹೋದಾಗ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಜಾಡಿಗಳ ಬೀರುವಿನ ಕಡೆ ನೋಡುತ್ತಿದ್ದರು.

"ಒಂದನ್ನ ಇಟ್ಕೋಬೇಕಿತ್ತು ಕಣಮ್ಮ," ಅಂದರು. "ನಾನೇ ಬೇಡ ಅಂದೆ."

ಅವರು ಅದನ್ನು ಹೇಳಬಾರದಾಗಿತ್ತು. ನನಗೆ ಪದವಿ ಹೋದದ್ದಕ್ಕಿಂತ ಆ ಮಾತಿನಿಂದ ಹೆಚ್ಚು ನೋವಾಯಿತು. ಯಾರನ್ನಾದರೂ ಬೈಯಲು ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ರಿವ್ಯೂವರ್ ಕೇಳಿದ್ದು ಸರಿ. ಊರಿನವರು ಕಟ್ಟೆ ಕಟ್ಟಿಸಿದ್ದು ಸರಿ. ಸರ್ ಕೊಲ್ಲಬೇಡ ಅಂದದ್ದು ಸರಿ. ಎಲ್ಲರೂ ಸರಿಯಾಗಿ ನಡೆದುಕೊಂಡು ಹೊಳೆಯಿಂದ ಒಂದು ಪ್ರಾಣಿಯನ್ನು, ಅದು ಇತ್ತು ಅನ್ನುವುದನ್ನೂ ಸೇರಿಸಿ, ಒರೆಸಿಹಾಕಿದೆವು. ಈಗ ನಾನು ನಂಜನಗೂಡಿನ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅವ್ವ ಆ ಮೊಳೆಗೆ ಕ್ಯಾಲೆಂಡರ್ ತೂಗುಹಾಕಿದ್ದಾಳೆ. ಸರ್ ತೀರಿಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಈ ವರ್ಷ ಬೇಸಿಗೆಯಲ್ಲಿ ಅದೇ ಜರ್ನಲಿನಿಂದ ಒಂದು ಇಮೇಲ್ ಬಂತು. ಪೇಪರ್ ಕಳಿಸುವಾಗ ನನ್ನ ಹೆಸರು, ವಿಷಯ ಎಲ್ಲ ತುಂಬಿದ್ದೆನಲ್ಲ, ಅದು ಅವರ ಕಂಪ್ಯೂಟರಿನಲ್ಲಿ ಹಾಗೇ ಉಳಿದಿತ್ತು. ಹೊಳೆಯ ಕಪ್ಪೆಚಿಪ್ಪುಗಳನ್ನು ಬಲ್ಲವರು ಸಿಗುವುದು ಕಷ್ಟ. ದಯವಿಟ್ಟು ತಾವು ಈ ಪೇಪರನ್ನು ಪರಿಶೀಲಿಸಿಕೊಡಬೇಕು ಅಂತ ಕೇಳಿದ್ದರು. ಸಂಬೋಧನೆಯಲ್ಲಿ ನನ್ನನ್ನು ಡಾಕ್ಟರ್ ಎಂದು ಕರೆದಿದ್ದರು. ಮಹದೇವ ಅದನ್ನು ಓದಿ ನಗಬೇಕೋ ಬೇಡವೋ ಅಂತ ನನ್ನ ಮುಖ ನೋಡಿದರು. ಒಪ್ಪಿಕೊಂಡೆ.

ಬರೆದವರ ಹೆಸರು ಮುಚ್ಚಿತ್ತು. ನಂಜನಗೂಡಿನಿಂದ ಸಂಗಮದವರೆಗೆ ಕಪಿಲೆಯ ತಳವನ್ನು ಶೋಧಿಸಿದ ಕೆಲಸ ಅದು. ಚೆನ್ನಾಗಿತ್ತು, ಶ್ರದ್ಧೆಯಿತ್ತು. ಎರಡು ಮಳೆಗಾಲದ ಲೆಕ್ಕವಿತ್ತು, ಮಾದರಿಗಳನ್ನು ಸಂಗ್ರಹಾಲಯಕ್ಕೆ ಕೊಟ್ಟ ವಿವರವಿತ್ತು. ಒಂದು ವಾಕ್ಯದ ಹತ್ತಿರ ನಿಂತುಬಿಟ್ಟೆ. ಈ ಜಾತಿಯ ಚಿಪ್ಪು ಹೊಳೆಯ ಈ ಭಾಗದಲ್ಲಿಲ್ಲ, ಹಿಂದೆ ಇದ್ದ ಬಗ್ಗೆಯೂ ಯಾವ ದಾಖಲೆಯೂ ಇಲ್ಲ.

ವಾಕ್ಯದ ಎದುರಿಗೆ ಬರೆದು ಕಳಿಸಿದೆ: ಇತ್ತು. ನೋಡಿದವರಿದ್ದಾರೆ. ಸಂಪಾದಕರಿಂದ ಎರಡೇ ದಿನಕ್ಕೆ ಸೌಜನ್ಯದ ಮರುಪತ್ರ ಬಂತು. ಬಹಳ ಮುಖ್ಯವಾದ ವಿಷಯ, ದಯವಿಟ್ಟು ಪ್ರಕಟಿತ ಆಧಾರವನ್ನು ಸೂಚಿಸಿ, ಇಲ್ಲವೇ ಮಾದರಿ ಎಲ್ಲಿದೆ ತಿಳಿಸಿ. ಆಧಾರವಿಲ್ಲದೆ ಲೇಖಕರಿಗೆ ಕಳಿಸಲಾಗುವುದಿಲ್ಲ. ಕಿಟಕಿಯ ಮೇಲೆ ಆ ಸತ್ತ ಚಿಪ್ಪು ಇತ್ತು. ಕೈಗೆ ತೆಗೆದುಕೊಂಡು ಕೂತೆ. ನನ್ನ ಜಾಗದಲ್ಲಿ ಇನ್ನೊಬ್ಬಳಿದ್ದು, ನಾನು ಸಂಪಾದಕಿಯಾಗಿದ್ದರೆ, ಇದನ್ನೇ ಕೇಳುತ್ತಿದ್ದೆ. ಹಾಗೆ ಕೇಳುವುದನ್ನು ನನಗೆ ಕಲಿಸಿದ್ದಾರೆ. ಬರೆದದ್ದನ್ನು ಅಳಿಸಿದೆ. ಪ್ರಕಟಿಸಬಹುದು ಎಂದು ಗುರುತು ಹಾಕಿ ಕಳಿಸಿದೆ.

ಗೃಹಪ್ರವೇಶದಿಂದ ಬಂದ ವಾರ ಆ ಪೇಪರು ಹೊರಬಂತು. ಬಸ್ಸಿನಲ್ಲಿ ಕೂತು ಫೋನಿನಲ್ಲಿ ತೆರೆದೆ. ಆ ವಾಕ್ಯ ಹಾಗೇ ಇತ್ತು. ಕೊನೆಯ ಪುಟದಲ್ಲಿ ಬರೆದವರು ದೋಣಿಯವನಿಗೆ, ಮನೆಯವರಿಗೆ, ಆಮೇಲೆ ತಮ್ಮ ಕೆಲಸದಲ್ಲಿ ತಪ್ಪು ಉಳಿಯದಂತೆ ನೋಡಿಕೊಂಡ, ಹೆಸರು ಗೊತ್ತಿಲ್ಲದ ಇಬ್ಬರು ರಿವ್ಯೂವರುಗಳಿಗೆ ಕೃತಜ್ಞತೆ ಹೇಳಿದ್ದರು. ಅವರಲ್ಲಿ ಒಬ್ಬಳು ನಾನು.